ಅತ್ತೆಯ ಡಬ್ಬಿಯ ಅರ್ಧ ಬಾಟ್ಲಿ

ನಮ್ಮ ಅತ್ತೆಯ ಹತ್ತಿರ ಒಂದು ಬಿಸ್ಕೀಟಿನ ಡಬ್ಬಿ ಇದೆ. ಖಾನಾಪುರದ ಅವರ ಓಣಿಗೆ ಅದೇ ದವಾಖಾನೆ. ಯಾರದೋ ಜ್ವರದಲ್ಲಿ ಉಳಿದ ಗುಳಿಗೆ, ಯಾರದೋ ಕೆಮ್ಮಿಗೆ ತಂದು ಮಿಕ್ಕ ಔಷಧ, ಹೆಸರು ಅಳಿಸಿಹೋದ ಮುಲಾಮು, ಎಲ್ಲವೂ ಅದರೊಳಗೆ ಸೇರುತ್ತವೆ. ಔಷಧ ಎಸೆಯುವುದೆಂದರೆ ಅವರಿಗೆ ಅನ್ನ ಎಸೆದಷ್ಟೇ ಪಾಪ. ಇಪ್ಪತ್ತು ವರ್ಷ ನಾನು ಆ ಡಬ್ಬಿ ನೋಡಿ ನಕ್ಕಿದ್ದೇ ನಕ್ಕಿದ್ದು. ಕಳೆದ ವರ್ಷ ಅದು ನನ್ನ ಬಲಗಣ್ಣಿಗೇ ಬಂತು.

ಬೆಳಗಾವಿಯ ವಡಗಾವಿಯಲ್ಲಿ ನಮ್ಮದು ಎರಡು ಪವರ್‌ಲೂಮ್. ಯಜಮಾನರು ಮಗ್ಗ ಓಡಿಸುತ್ತಾರೆ. ಕಡಿದ ಎಳೆ ಹುಡುಕಿ ಕೂಡಿಸುವುದು ನನ್ನ ಕೆಲಸ. ಕಣ್ಣು ಸರಿ ಇಲ್ಲದಿದ್ದರೆ ಆ ಮನೆಯಲ್ಲಿ ನಾನು ಬರೀ ಚಹಾ ಮಾಡುವವಳು. ಹಾಗಾಗಿ ಒಂದು ಬೆಳಿಗ್ಗೆ ಬಲಗಣ್ಣು ಕೆಂಪಾಗಿ, ಉಸುಕು ಬಿದ್ದಂತೆ ಚುಚ್ಚಿ, ಬೆಳಕು ಕಂಡರೆ ಸಾಕು ನೀರು ಸುರಿಸತೊಡಗಿದಾಗ ಜೀವ ಬಾಯಿಗೆ ಬಂತು. ಹಿಂದಿನ ವಾರ ಜ್ವರ ಬಂದು ತುಟಿಯ ಮೇಲೆ ಗುಳ್ಳೆ ಎದ್ದಿದ್ದವು. ತುಟಿಗೂ ಕಣ್ಣಿಗೂ ಸಂಬಂಧವಿದೆಯೆಂದು ನನಗೇನು ಕನಸು ಬಿದ್ದಿತ್ತೇ? ಫೋನಿನಲ್ಲಿ ಅತ್ತೆಗೆ ಹೇಳಿದೆ.

"ಅಗಬಾಯಿ, ಕಣ್ಣ ಬ್ಯಾನಿ ಬಂದೈತಿ ತಗೋ! ನನ್ನ ಆಪರೇಶನ್ನಿಂದು ಡ್ರಾಪ್ ಐತಿ, ಕಳಸ್ತೇನಿ. ಹಾಕ್ಕೊಂಡ ನೋಡು, ಮಂತ್ರ ಹಾಕಿದಂಗ ಆಗತೈತಿ."

ನಾಲ್ಕು ತಿಂಗಳ ಹಿಂದೆ ಅವರು ಕಣ್ಣಿನ ಪೊರೆ ತೆಗೆಸಿದ್ದರು. ಮೈದುನ ಖಾನಾಪುರದಿಂದ ದಿನಾ ಬೆಳಗಾವಿಗೆ ನೌಕರಿಗೆ ಬರುತ್ತಾನೆ. ಮರುದಿನ ಅವನ ಊಟದ ಚೀಲದಲ್ಲಿ, ರೊಟ್ಟಿ ಬುತ್ತಿಯ ಪಕ್ಕದಲ್ಲಿ, ಅರ್ಧ ತುಂಬಿದ ಬಾಟ್ಲಿ ಬಂದಿಳಿಯಿತು. ಹಾಕಿಕೊಂಡೆ. ಎರಡೇ ದಿನದಲ್ಲಿ ಕೆಂಪು ಇಳಿಯಿತು. ಅತ್ತೆಯನ್ನು ಹೊಗಳಿದ್ದೇ ಹೊಗಳಿದ್ದು! ಐದನೆಯ ದಿನ ಮಗ್ಗದ ಮುಂದೆ ನಿಂತರೆ ಎಳೆಗಳೇ ಇಲ್ಲ. ಎದುರಿಗೆ ಬರೀ ಮಂಜು. ಯಜಮಾನರು ಮಗ್ಗ ನಿಲ್ಲಿಸಿ, ಗಾಡಿ ತೆಗೆದು, ನೆಹರು ನಗರದ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದರು.

ಡಾಕ್ಟರು ನನ್ನ ಮಗಳ ವಯಸ್ಸಿನ ಹುಡುಗಿ. ಕಣ್ಣಿಗೆ ಹಳದಿ ಬಣ್ಣ ಹಾಕಿ, ನೀಲಿ ಬೆಳಕು ಬಿಟ್ಟು ನೋಡಿದರು.

"ಕಣ್ಣಿನ ಮ್ಯಾಲ ಹುಣ್ಣಾಗೇತ್ರಿ, ಗಿಡದ ಟೊಂಗಿ ಹಂಗ ಹಬ್ಬೇತಿ. ತುಟಿಗಿ ಗುಳ್ಳಿ ಎಬ್ಬಸಿದ ವೈರಸ್ಸ ಇದು. ಏನ ಹಾಕ್ಕೊಂಡ್ರಿ?"

ಬಾಟ್ಲಿ ತೋರಿಸಿದೆ. ಅವರ ಮುಖ ಕೆಂಪಾಯಿತು.

"ಇದರಾಗ ಸ್ಟಿರಾಯ್ಡ್ ಐತ್ರಿ. ಕೆಂಪ ಮುಚ್ಚಿಟ್ಟು, ಒಳಗ ರೋಗಕ್ಕ ಹಾಲ ಹಾಕಿ ಬೆಳಸೈತಿ. ಹುಣ್ಣಿನ ಕಲಿ ಉಳದ್ರ ನೋಟ ಹಿಂಗ ಮಂಜ ಆಗೇ ಉಳೀತೈತಿ. ಯಾರ ಕೊಟ್ರು?"

"ನಮ್ಮತ್ತಿ."

"ನಿಮ್ಮತ್ತಿ ಎಲ್ಲಿ ಡಾಕ್ಟರಕಿ ಕಲ್ತಾರ್ರಿ?" ಎಂದವರು ಬಾಟ್ಲಿ ಅಲುಗಾಡಿಸಿ ಹುಬ್ಬು ಗಂಟು ಹಾಕಿದರು. "ಆಪರೇಶನ್ ಆದವ್ರು ಇದನ್ನ ಪೂರಾ ಮುಗಸಬೇಕಲ್ಲ, ಅರ್ಧ ಹೆಂಗ ಉಳೀತು?"

ಅದನ್ನು ನಾನು ಆಗ ಕಿವಿಗೇ ಹಾಕಿಕೊಳ್ಳಲಿಲ್ಲ. ನನಗೆ ನನ್ನ ಕಣ್ಣಿನ ಚಿಂತೆ.

ಆಮೇಲೆ ಅವರು ಒಂದು ಮುಲಾಮಿನ ಟ್ಯೂಬ್ ಬರೆದುಕೊಟ್ಟು, ಶಾಲೆ ಹುಡುಗಿಗೆ ಹೇಳಿದಂತೆ ಹೇಳಿದರು. ದಿನಕ್ಕೆ ಐದು ಸಲ. ಮೊದಲು ಕೈ ತೊಳೆಯಬೇಕು. ಮೇಲೆ ನೋಡುತ್ತ ಕೆಳರೆಪ್ಪೆ ಜಗ್ಗಿ, ಒಳಗೆ ಶಾವಿಗೆ ಎಳೆಯಂತೆ ಒಂದು ಉಗುರಿನುದ್ದ ಬಿಡಬೇಕು, ಟ್ಯೂಬಿನ ತುದಿ ಕಣ್ಣಿಗೆ ತಾಗಬಾರದು. ಕಾಡಿಗೆ ಬೇಡ. ಕಣ್ಣು ಹಗುರಾಯಿತೆಂದು ನಾನಾಗಿಯೇ ಬಿಡಬಾರದು, ಅವರು ಬಿಡು ಅಂದಮೇಲೇ ಬಿಡಬೇಕು. ಬಾಯಿ ತೆರೆದ ಟ್ಯೂಬ್ ಒಂದು ತಿಂಗಳಾದರೆ ಕಸಕ್ಕೆ.

"ಮತ್ತ ಯಾರಿಗೂ ಕೊಡಬ್ಯಾಡ್ರಿ. ನಿಮ್ಮತ್ತಿಗಂತೂ ಬ್ಯಾಡೇ ಬ್ಯಾಡ."

ಮೊದಲ ದಿನ ಮುಲಾಮು ಹುಬ್ಬಿಗೆ ಅರ್ಧ, ಮೂಗಿಗೆ ಅರ್ಧ ಹೋಯಿತು. "ಮೂಗಿಗೂ ವೈರಸ್ ಬಂದೈತೇನ?" ಎಂದರು ಯಜಮಾನರು. ಹಾಕಿಕೊಂಡ ಮೇಲೆ ಸ್ವಲ್ಪ ಹೊತ್ತು ಜಗತ್ತೆಲ್ಲ ತುಪ್ಪದಲ್ಲಿ ಅದ್ದಿದಂತೆ. ಮಗ್ಗದ ಹತ್ತಿರ ಹೋಗುವಂತಿಲ್ಲ. ಅಂಥದೊಂದು ಹೊತ್ತಿನಲ್ಲಿ ಬಾಗಿಲಲ್ಲಿ ನಿಂತ ಆಕಾರವನ್ನು ಯಜಮಾನರೆಂದು ತಿಳಿದು, "ಎಲ್ಲಿ ಹಾಳಾಗಿ ಹೋಗಿದ್ರಿ, ಮಗ್ಗ ನಿಮ್ಮಪ್ಪ ಬಂದ ನೋಡತಾನೇನ?" ಎಂದು ಬೈದೆ. ಅವನು ಕರೆಂಟಿನ ಮೀಟರ್ ನೋಡಲು ಬಂದವನು. ಪಾಪ, ಮೀಟರ್ ನೋಡಿಕೊಂಡು ಹೋದ.

ಆರನೆಯ ದಿನ ಚುಚ್ಚುವುದು ನಿಂತಿತು. ಟ್ಯೂಬ್ ಮೂಲೆಗೆ ಒಗೆಯಬೇಕೆಂದು ಎಷ್ಟು ಆಸೆಯಾಯಿತೋ! ಒಗೆಯಲಿಲ್ಲ. ಡಾಕ್ಟರು ಎರಡು ಸಲ ಕರೆಸಿ ನೋಡಿ, ಕೊನೆಗೆ "ಹುಣ್ಣ ಮಾದೈತಿ. ಅಂಚಿನ್ಯಾಗ ಸಣ್ಣ ಕಲಿ ಐತಿ, ನೋಟಕ್ಕ ಅಡ್ಡ ಬರೂದಿಲ್ಲ. ಮತ್ತ ಕೆಂಪಾದ್ರ ಸೀದಾ ಇಲ್ಲಿಗಿ ಬರ್ರಿ" ಎಂದರು. ಅವತ್ತು ಮನೆಗೆ ಬಂದು ಕಡಿದ ಎಳೆ ಒಂದನ್ನು ಒಂದೇ ಸಲಕ್ಕೆ ಕೂಡಿಸಿ, ಮಗ್ಗದ ಹಿಂದೆ ಕೂತು ಕಣ್ಣೀರು ಹಾಕಿದೆ. ಯಾರೂ ನೋಡಲಿಲ್ಲ.

ಮರುದಿನವೇ ಖಾನಾಪುರದ ಬಸ್ಸು ಹತ್ತಿದೆ, ಅತ್ತೆಯ ಕೂಡ ಜಗಳಾಡಲು. ಏನೇನು ಅನ್ನಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿದೆ. ಹೋದರೆ ಅವರು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು.

"ಬಾ ನಮ್ಮವ್ವಾ! ಕಣ್ಣ ಆರಾಮ ಆತಿಲ್ಲ? ಆ ಹೊಸಾ ಟ್ಯೂಬ್ ಉಳದಿದ್ರ ಇತ್ತ ತಾ, ಡಬ್ಬ್ಯಾಗ ಇಡತೇನಿ."

ಸಿಟ್ಟು ನೆತ್ತಿಗೇರಿತು. ಡಬ್ಬಿ ಎಳೆದುಕೊಂಡು ನೆಲದ ಮೇಲೆ ಸುರಿದೆ.

"ನಿಮ್ಮ ಡ್ರಾಪಿನಿಂದ ನನ್ನ ಕಣ್ಣ ಹೋಗತಿತ್ತರಿ ಅತ್ತಿ! ಗೊತ್ತೈತೇನ ನಿಮಗ?"

ಅವರು ತಲೆ ಎತ್ತಲಿಲ್ಲ. ತಾಟನ್ನು ಮೂಗಿನ ಹತ್ತಿರ ಹಿಡಿದು, ಬೆರಳಿನಿಂದ ತಡಕಾಡಿ ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟರು. ಅದು ಕಲ್ಲಲ್ಲ, ಅಕ್ಕಿಕಾಳು. ಆಗ ನನಗೆ ಬಾಟ್ಲಿ ಅಲುಗಾಡಿಸಿ ಡಾಕ್ಟರು ಕೇಳಿದ ಮಾತು ನೆನಪಾಯಿತು.

"ಅತ್ತೀ, ಆ ಬಾಟ್ಲಿ ಅರ್ಧ ಯಾಕ ಉಳದಿತ್ತರಿ?"

"ನಾನ ಉಳಸಿದ್ದೆ."

"ಯಾಕರಿ?"

"ಮಗ್ಗದಾಕಿ ನೀ. ಮುಂದ ಎಂದಾರ ನಿನಗ ಬೇಕಾಗತೈತಿ ಅಂತ ಇಟ್ಟಿದ್ದೆ. ಅಕ್ಕಿ ಆರಸಾಕ ನನಗ ಒಂದ ಕಣ್ಣ ಸಾಕ ಬಿಡವಾ."

ನನ್ನ ಚೀಲದಿಂದ ಟ್ಯೂಬ್ ತೆಗೆದು ಅವರ ಮುಂದೆಯೇ ಕಸದ ಬುಟ್ಟಿಗೆ ಹಾಕಿದೆ. ಅವರು ಲೊಚಗುಟ್ಟಿದರು.

"ನಾಳಿ ಮುಂಜಾನೆ ನನ್ನ ಕೂಡ ಬೆಳಗಾವಿಗೆ ಬರ್ರಿ. ನಮ್ಮ ಡಾಕ್ಟರು ನಿಮ್ಮನ್ನ ನೋಡಬೇಕಂತಾರ."

"ನನ್ನನ್ಯಾಕ?"

"ನೀವ ಎಲ್ಲಿ ಡಾಕ್ಟರಕಿ ಕಲ್ತೀರಿ ಅಂತ ಕೇಳಾಕತ್ತಾರ."

ಅವರು ನಕ್ಕರು. ನಾನು ಅವರ ಕೈಯಿಂದ ತಾಟು ತೆಗೆದುಕೊಂಡು ಕೂತೆ. ಅವರು ಆರಿಸಿಟ್ಟ ಅಕ್ಕಿಯಲ್ಲಿ ಇನ್ನೂ ಹನ್ನೊಂದು ಕಲ್ಲು ಸಿಕ್ಕವು.