ಅಕ್ಕ ಎತ್ತಿದ ಕಪ್ಪು ಮಂತ್ರಿ

ಮಕ್ಕಳೇ, ನಾನು ಚಿಕ್ಕವಳಿದ್ದಾಗ, ತೊಂಬತ್ತರ ದಶಕದಲ್ಲಿ, ಕುಣಿಗಲ್‌ನಲ್ಲಿ ಅಪ್ಪನದೊಂದು ಟೈಲರ್ ಅಂಗಡಿಯಿತ್ತು. ಹೊಸ ಬಟ್ಟೆಯ ಗಂಜಿ, ಮೆಷಿನ್ ಎಣ್ಣೆ ಎರಡೂ ಬೆರೆತ ವಾಸನೆಯ ಆ ಅಂಗಡಿಯಲ್ಲಿ, ಗಿರಾಕಿಗಳಿಲ್ಲದ ಮಧ್ಯಾಹ್ನ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅಪ್ಪ ಅಕ್ಕನಿಗೆ ಚೆಸ್ ಕಲಿಸುತ್ತಿದ್ದರು. ಅಕ್ಕ ಹೈಸ್ಕೂಲಿನಲ್ಲಿದ್ದಳು. ದಪ್ಪ ಕನ್ನಡಕ ಹಾಕುತ್ತಿದ್ದಳು.

ಕಪ್ಪು ಕಾಯಿ ಬಂದಾಗಲೆಲ್ಲ ಅವಳು ಕಾರೋ-ಕಾನ್ ಎಂಬ ಆರಂಭವನ್ನೇ ಆಡುತ್ತಿದ್ದಳು. ಎದುರಾಳಿ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನುಗ್ಗಿಸಿದರೂ ಇವಳು ದುಡುಕುತ್ತಿರಲಿಲ್ಲ. ಮೊದಲು ಮಂತ್ರಿಯ ಪಕ್ಕದ ಒಂಟೆಯ ಮುಂದಿನ ಕಾಲಾಳು ಒಂದೇ ಮನೆ. ಆಮೇಲೆ ಅದರ ಆಸರೆಯಲ್ಲಿ ಮಂತ್ರಿಯ ಮುಂದಿನ ಕಾಲಾಳು ಎರಡು ಮನೆ ಹೋಗಿ ಎದೆಗೊಟ್ಟು ನಿಲ್ಲುತ್ತಿತ್ತು.

"ಕಾಲಾಳಿಂದ ಬಾಗ್ಲು ಹಾಕೋಕ್ ಮುಂಚೆ ಒಂಟೆನ ಆಚೆ ಬುಡು. ಒಳಗೇ ಸಿಕ್ಕಾಕೊಂಡ್ರೆ ಅದು ಇದ್ದೂ ಇಲ್ದಂಗೆ," ಎನ್ನುತ್ತಿದ್ದರು ಅಪ್ಪ.

ಬೇರೆ ಆರಂಭ ಕಲಿ ಎಂದರೆ ಅಕ್ಕ ಒಪ್ಪುತ್ತಿರಲಿಲ್ಲ. "ಇದ್ರಲ್ಲಿ ಕಾಲಾಳುಗಳು ಇಟ್ಟಲ್ಲೇ ಇರ್ತವೆ ಅಪ್ಪ. ಕಣ್ಮುಚ್ಚಿದ್ರೂ ಗೊತ್ತಾಗುತ್ತೆ."

ತುಮಕೂರಿನಲ್ಲಿ ಜಿಲ್ಲಾ ಪಂದ್ಯ ನಡೆಯಿತು. ಗೆದ್ದವರು ರಾಜ್ಯಮಟ್ಟಕ್ಕೆ. ಅಪ್ಪ ಅಂಗಡಿ ಮುಚ್ಚಿ ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಕೊನೆಯ ಆಟದ ಹೊತ್ತಿಗೆ ಸಂಜೆಯಾಗಿತ್ತು. ಎದುರು ಕೂತ ಹುಡುಗಿಯ ದಾಳಿಯೆಲ್ಲ ಅಕ್ಕನ ಕಾಲಾಳುಗಳಿಗೆ ತಾಗಿ ಸವೆದುಹೋಗಿ, ಅಕ್ಕನ ಕೈ ಮೇಲಾಗಿತ್ತು. ಆಗ ಕರೆಂಟು ಹೋಯಿತು. ಕಿಟಕಿಯ ಮಬ್ಬು ಬೆಳಕಿನಲ್ಲಿ ನಮಗೆಲ್ಲ ಬೋರ್ಡು ಕಾಣುತ್ತಿತ್ತು, ಆಟ ನಿಲ್ಲಿಸಲಿಲ್ಲ. ಅಕ್ಕ ಕುದುರೆಗೆಂದು ಕೈ ಚಾಚಿ, ಪಕ್ಕದ ಮಂತ್ರಿಯನ್ನು ಎತ್ತಿಬಿಟ್ಟಳು.

"ಅಯ್ಯೋ, ಕುದುರೆ ನಡೆಸ್ಬೇಕಿತ್ತು ಸರ್," ಎಂದಳು.

"ಮುಟ್ಟಿದ ಕಾಯೇ ನಡೆಸ್ಬೇಕಮ್ಮ," ಎಂದರು ತೀರ್ಪುಗಾರರು.

ಮಂತ್ರಿ ಕದಲಿತು, ಅದು ಕಾಯುತ್ತಿದ್ದ ಆನೆ ಹೋಯಿತು, ಹಿಂದೆಯೇ ಆಟವೂ ಹೋಯಿತು.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅವಳು ಚರಂಡಿಯ ಚಪ್ಪಡಿ ಎಡವಿದಳು. ಅಪ್ಪ ತೋಳು ಹಿಡಿದರು. "ಕಾಣ್ಸಲ್ವೇನವ್ವ?"

"ಹೊತ್ತು ಮುಳುಗಿದ್ರೆ ಏನೂ ಕಾಣಲ್ಲ ಕಣಪ್ಪ. ಹೇಳಿದ್ರೆ ನೀನು ಕರ್ಕೊಂಡ್ ಬರ್ತಿದ್ಯಾ?"

ಕುಣಿಗಲ್ ಬರುವವರೆಗೂ ಬಸ್ಸಿನಲ್ಲಿ ಅಪ್ಪ ಅವಳ ಕೈ ಬಿಡಲಿಲ್ಲ.

ಅವಳ ಕಣ್ಣು ಉಳಿಸಲು ಡಾಕ್ಟರುಗಳಿಂದಲೂ ಆಗಲಿಲ್ಲ. ಕೆಲವೇ ವರ್ಷಗಳಲ್ಲಿ ಅವಳಿಗೆ ಹಗಲೂ ಕತ್ತಲಾಯಿತು. "ನಾನು ನಡೆ ಹೇಳ್ತೀನಿ, ಆಡವ್ವ," ಎಂದು ಅಪ್ಪ ಬೋರ್ಡು ತಂದಿಡುತ್ತಿದ್ದರು. ಅಕ್ಕ ಮುಖ ತಿರುಗಿಸಿ ಕೂರುತ್ತಿದ್ದಳು. ಮತ್ತೆಂದೂ ಆಡಲಿಲ್ಲ.

ಮಕ್ಕಳೇ, ಈಗ ಚೆಸ್ ಆಡುವಾಗ ನಿಮ್ಮ ಮೊಬೈಲು ಒಂದೊಂದು ನಡೆಯನ್ನೂ ಓದಿ ಹೇಳುತ್ತದೆ. ಮೊನ್ನೆ ನಿಮ್ಮ ಶಾಲೆಯ ಪಂದ್ಯದಲ್ಲಿ, ಕಣ್ಣು ಕಾಣದ ಹುಡುಗಿಯೊಬ್ಬಳು ತೂತುಗಳಿರುವ ಬೋರ್ಡಿನ ಮೇಲೆ ಕಾಯಿಗಳನ್ನು ತಡವಿ ತಡವಿ ಆಡುತ್ತಿದ್ದಳು. ಕಾಯಿಯನ್ನು ತೂತಿನಿಂದ ಎತ್ತುವವರೆಗೂ ಹಾಗೆ ಮುಟ್ಟಿ ನೋಡುವುದು ತಪ್ಪಲ್ಲವಂತೆ. ಅಂಥ ಬೋರ್ಡುಗಳು ಆ ಕಾಲದಲ್ಲೂ ಎಲ್ಲೋ ಇದ್ದವಂತೆ. ಕುಣಿಗಲ್‌ನಲ್ಲಿದ್ದ ನಮಗೆ ಯಾರೂ ಹೇಳಲಿಲ್ಲ. ಈಗ ನಾನು ಹೋಗಿ ಹೇಳೋಣವೆಂದರೆ, ಅಕ್ಕ ಇಲ್ಲ.