ಬಾಡಿಗೆಯವಳಿಗೆ ಉಡಿ ತುಂಬಿದ ದೊಡ್ಡವ್ವ

ದೊಡ್ಡವ್ವ ಯಾರ ಮನೆಗೆ ಹೋದರೂ ಕೂಡುವ ಮೊದಲು ಬೆರಳ ಗೆಣ್ಣಿನಿಂದ ಗೋಡೆ ಬಡಿದು ನೋಡುತ್ತಿದ್ದಳು. ‘ಅರ್ಧ ಇಟ್ಟಂಗಿ ಗ್ವಾಡಿ ಐತ್ರಿ ಇದು, ಯಾರು ಕಟ್ಟ್ಯಾರ?’ ಎಂದು ಚಹಾ ತಂದವರ ಮುಖಕ್ಕೇ ಹೇಳುವಳು. ಜತೆಗೆ ಹೋದ ನಾನು ತಲೆ ತಗ್ಗಿಸಬೇಕು. ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಸಮೀಪ, ತಾನೇ ಮುಂದೆ ನಿಂತು ಕಟ್ಟಿಸಿದ ಮನೆ ಅವಳದು. ಹಿತ್ತಲ ಕಡೆಯ ಎರಡು ಖೋಲಿ ಬಾಡಿಗೆಗೆ ಕೊಟ್ಟಿದ್ದಳು.

ನಾನು ತಿಕೋಟಾದಿಂದ ನಗರದ ಶಾಲೆಗೆ ವರ್ಗವಾದಾಗ ಆ ಖೋಲಿಗಳನ್ನು ನನಗೆ ಕೊಡುವುದಾಗಿ ಮಾತು ಕೊಟ್ಟಳು. ಅಲ್ಲಿದ್ದವಳು ಮಮದಾಪುರ ಕಡೆಯ ರೇಷ್ಮಾ. ಗಂಡ ಲಾರಿ ಡ್ರೈವರ್, ತಿಂಗಳಿಗೊಮ್ಮೆ ಬರುವವನು. ಯುಗಾದಿಗೆ ಬಿಡುತ್ತೇನೆಂದು ಒಪ್ಪಿದ್ದಳು. ಯುಗಾದಿ ಹೋಯಿತು, ಬಸವ ಜಯಂತಿಯೂ ಹೋಯಿತು, ರೇಷ್ಮಾ ಹೋಗಲಿಲ್ಲ. ನಾನು ಮಕ್ಕಳು, ಪಾತ್ರೆಪಗಡ ಸಮೇತ ದೊಡ್ಡವ್ವನ ಪಡಸಾಲೆಯಲ್ಲಿ ಬಿಡಾರ ಹೂಡಿದ್ದೆ. ಶಾಲೆ ಶುರುವಾಗುವುದರೊಳಗೆ ಖೋಲಿ ಸಿಗದಿದ್ದರೆ ಮಕ್ಕಳನ್ನು ತಿಕೋಟಾದಲ್ಲೇ ಬಿಟ್ಟುಬರಬೇಕಿತ್ತು.

ಸೋದರಮಾವ ಬಂದವನೇ, ‘ನೀರು ಬಂದ್ ಮಾಡು, ಕರೆಂಟ್ ತೆಗಿ. ತಾನ ಓಡ್ತಾಳ’ ಎಂದ. ದೊಡ್ಡವ್ವ ಕಿಡಿಕಿಡಿಯಾದಳು.

‘ಸಣ್ಣ ಕೂಸಿರೂ ಮನಿಗೆ ನೀರು ಬಂದ್ ಮಾಡಿ, ಆಮ್ಯಾಲೆ ಅದ ನಳದಾಗ ನಮ್ಮ ಹುಡುಗಿ ಕೊಡ ತುಂಬಬೇಕೇನು? ಬಾಯಿ ಮುಚ್ಚು!’

ನೆಟ್ಟಗೆ ರೇಷ್ಮಾಳ ಬಾಗಿಲಿಗೆ ಹೋಗಿ ಕೂತಳು. ‘ಯಾಕ ಬಿಡವಲ್ಲಿ? ಖರೇ ಹೇಳು ಬೇ.’

‘ರೊಟ್ಟಿ ಬಡದು ಮಾರ್ತೇನಿ ಅಂದಕೂಡ್ಲೇ ಯಾರೂ ಮನಿ ಕೊಡವಲ್ರಿ, ಅವ್ವಾರ. ನಸಕಿನ್ಯಾಗ ಸಪ್ಪಳ ಆಗತೈತಿ ಅಂತಾರ’ ಎಂದು ರೇಷ್ಮಾ ಅಳತೊಡಗಿದಳು.

ಮರುದಿನದಿಂದ ದೊಡ್ಡವ್ವನೇ ಅವಳನ್ನು ಕರೆದುಕೊಂಡು ಮನೆ ಹುಡುಕಿದಳು. ನನ್ನನ್ನು ನಾಚಿಸುತ್ತಿದ್ದ ಆ ಚಟ ಈಗ ಉಪಯೋಗಕ್ಕೆ ಬಂತು. ಸಪ್ಪಳ ಆಚೆ ದಾಟುವ ತೆಳು ಗೋಡೆಯ ಮನೆಗಳನ್ನು ದೊಡ್ಡವ್ವನೇ ಬೇಡವೆಂದಳು. ಕಡೆಗೊಂದು ಗಟ್ಟಿ ಗೋಡೆಯ ಮನೆ ಸಿಕ್ಕಿತು. ದೊಡ್ಡವ್ವ ರೇಷ್ಮಾಳನ್ನು ಎಷ್ಟು ಹೊಗಳಿದರೂ ಅದರ ಯಜಮಾನ ಸುಮ್ಮನೆ ಒಪ್ಪುವ ಆಸಾಮಿಯಲ್ಲ.

‘ಇಷ್ಟ ಚಲೋ ಹೆಣ್ಣಮಗಳು ಇದ್ರ ನೀವ್ಯಾಕ ಬಿಡಸಾಕತ್ತೀರಿ?’

‘ನನ್ನ ತಂಗಿ ಮಗಳು ಮಕ್ಕಳನ್ನ ಕಟ್ಟಿಕೊಂಡು ಪಡಸಾಲ್ಯಾಗ ಮಲಗ್ಯಾಳ. ಇಲ್ಲಂದ್ರ ಇಕಿನ್ನ ನಾ ಕಳಸ್ತಿದ್ದಿಲ್ಲ ಯಪ್ಪಾ. ರೊಟ್ಟಿ ಸಪ್ಪಳ ಅಂತೂ ಆಗತೈತಿ. ಒಲ್ಲೆ ಅಂದ್ರ ಈಗ ಹೇಳು, ಆಮ್ಯಾಲೆ ಅಕಿನ್ನ ಹೊರಗ ಹಾಕಬ್ಯಾಡ.’

ಆತ ನಕ್ಕು ಕೀಲಿ ಕೊಟ್ಟ.

ಸಾಮಾನೆಲ್ಲ ಟಂಟಂ ಗಾಡಿಗೆ ಏರಿದ ಮೇಲೆ ದೊಡ್ಡವ್ವ ರೇಷ್ಮಾಳನ್ನು ಒಳಗೆ ಕರೆದಳು. ‘ಹೆಣ್ಣಮಗಳು ಮನಿ ಬಿಟ್ಟು ಹೊಂಟಾಳ, ಬರೇ ಉಡೀಲೆ ಕಳಸೂದೇನು?’ ಎಂದು ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಕುಪ್ಪಸದ ಖಣ ಹಾಕಿ ಉಡಿ ತುಂಬಿದಳು. ರೇಷ್ಮಾ ಸೆರಗೊಡ್ಡಿ ನಿಂತು ಬಿಕ್ಕಿದಳು. ಅಂಥವಳ ತಂಗಿಯ ಮಗಳು ನಾನು ಎಂದು ನನಗೆ ಎದೆಯುಬ್ಬಿತು.

ಉಡಿ ತುಂಬಿಸಿಕೊಂಡವಳು ಮಗಳಾದಳಲ್ಲ! ನಾಗರ ಪಂಚಮಿಗೆ ಕೂಸನ್ನೆತ್ತಿಕೊಂಡು, ‘ತವರಮನಿಗೆ ಬಂದೇನ್ರಿ’ ಎಂದು ಬಂದೇಬಿಟ್ಟಳು. ಆಮೇಲೆ ಒಂದು ವರ್ಷವೂ ತಪ್ಪಿಸಲಿಲ್ಲ. ‘ಬಿಡಸಾಕ ಹೋಗಿ ಕಾಯಂ ಮಾಡ್ಕೊಂಡ್ಳು’ ಎಂದು ಸೋದರಮಾವ ನಗುತ್ತಾನೆ.

ದೊಡ್ಡವ್ವ ತೀರಿಹೋದ ವರ್ಷ ನಾವು ಪಂಚಮಿಯ ಉಂಡಿ ಕಟ್ಟಲಿಲ್ಲ. ರೇಷ್ಮಾ ಬಂದು ಗೇಟಿನ ಹೊರಗೇ ನಿಂತಳು.

‘ಅವ್ವಾರ ಇಲ್ಲ. ಇನ್ನ ನಾ ಒಳಗ ಬರೂದು ಹ್ಯಾಂಗ್ರಿ, ಅಕ್ಕಾರ?’

‘ತವರಮನಿಗೆ ಬರಾಕ ಯಾರರೆ ಕೇಳ್ತಾರೇನ ಬೇ?’ ಎಂದು ನಾನೇ ಕೈಹಿಡಿದು ಕರೆತಂದೆ. ದೊಡ್ಡವ್ವನ ಫೋಟೋದ ಮುಂದೆ ಮನೆಯ ಹೆಣ್ಣುಮಕ್ಕಳೆಲ್ಲ ಕೂತು ಅಳುತ್ತಿದ್ದರು. ಸರಿದು ಅವಳಿಗೂ ಜಾಗ ಮಾಡಿಕೊಟ್ಟರು.