ಮಾಸ್ತರರ ಸೈಕಲ್ಲು ಒರೆಸುತ್ತಿದ್ದ ವೈನಿ

ಮೊನ್ನೆ ಆಟೋ ನಗರದ ವರ್ಕ್‌ಶಾಪಿನಲ್ಲಿ ಗ್ರೀಸ್ ಡಬ್ಬಿಯೊಂದರ ಮುಚ್ಚಳ ತೆಗೆದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಾಜು ಮನೆಯ ವೈನಿ ಕಣ್ಣ ಮುಂದೆ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಡಸಾಲೆಯಲ್ಲಿ ಸೈಕಲ್ಲಿನ ಮುಂದೆ ಕೂತ ವೈನಿ…

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ವರ್ಕ್‌ಶಾಪಿನಲ್ಲಿ ಕೆಲಸ ಹಿಡಿದು ಬೆಳಗಾವಿಯಲ್ಲಿ ಬಾಡಿಗೆ ಖೋಲಿ ಮಾಡಿಕೊಂಡಿದ್ದೆ. ಗೋಡೆಯಾಚೆ ಗಂಡ ಹೆಂಡತಿ ಇಬ್ಬರೇ. ಆಕೆಯನ್ನು ಅಣ್ಣನ ಹೆಂಡತಿಯೆಂಬಂತೆ ವೈನಿ ಎಂದೇ ಕರೆಯುತ್ತಿದ್ದೆ. ಗಂಡ ಹಿಂಡಲಗಾದ ಶಾಲೆಯಲ್ಲಿ ಮಾಸ್ತರರು. ಮುಂದಿನ ಚಕ್ರಕ್ಕೆ ಕುಲುಕು ತಡೆಯುವ ಶಾಕಪ್ ಇದ್ದ ದಪ್ಪ ಟಾಯರಿನ ಸೈಕಲ್ಲು ನಮ್ಮ ಓಣಿಯಲ್ಲಿ ಅವರದೊಂದೇ. ರಜೆ ಬಂದರೆ ಕಣಕುಂಬಿಯ ಕಾಡುದಾರಿ ತುಳಿದು, ಮೈತುಂಬ ಕೆಂಪು ಕೆಸರು ಮೆತ್ತಿಕೊಂಡು ಮರಳುತ್ತಿದ್ದರು.

ಆಮೇಲೆ ಅವರ ಬೆನ್ನಿನಲ್ಲಿ ಗಡ್ಡೆಯಾಯಿತು. ಕಾಲುಗಳ ಶಕ್ತಿ ಹೋಯಿತು. ಮಂಚ ಪಡಸಾಲೆಗೆ ಬಂತು, ಸೈಕಲ್ಲು ಅದರ ಪಕ್ಕ ನಿಂತಿತು.

"ನಿಂತ ಸೈಕಲ್ಲಿಗೆ ಜಂಗ್ ಲಗೂನ ಹಿಡಿತೈತಿ," ಎನ್ನುತ್ತ ಮಾಸ್ತರರು ಮಲಗಿದಲ್ಲಿಂದಲೇ ಹೇಳಿಕೊಡುತ್ತಿದ್ದರು. ವೈನಿ ರಬ್ಬರಿನ ಹೊದಿಕೆ ಸರಿಸಿ, ಶಾಕಪ್ಪಿನ ನುಣುಪು ಕೊಳವೆಗಳನ್ನು ಹಳೆಯ ಧೋತರದ ತುಂಡಿನಿಂದ ಒರೆಸುತ್ತಿದ್ದರು. ಸೀಮೆಎಣ್ಣೆ ಮುಟ್ಟಿಸುವಂತಿರಲಿಲ್ಲ, ರಬ್ಬರು ಕೆಡುತ್ತಿತ್ತು. ಬೆರಳ ತುದಿಯಿಂದ ತುಸು ಗ್ರೀಸು ಸವರಿ ಹ್ಯಾಂಡಲ್ ಅದುಮಿದರೆ, ಮುಂಭಾಗ ಕುಸಿದು ಮೆಲ್ಲಗೆ ಮೇಲೇಳುತ್ತಿತ್ತು. ಮಾಸ್ತರರು ಕಣ್ಣು ಮುಚ್ಚಿ ಆ ಸಪ್ಪಳ ಕೇಳುತ್ತಿದ್ದರು.

ಒಮ್ಮೆ ವೈನಿ ನನ್ನನ್ನು ಹಿತ್ತಲಿಗೆ ಕರೆದರು. "ತಮ್ಮಾ, ಡಾಕ್ಟರ್ರು ಕೈ ಬಿಟ್ಟಾರ. ಅವರ ಮುಂದ ಹೇಳಬ್ಯಾಡ. ಮತ್ತ ಸೈಕಲ್ ಹೊಡಿತೇನಿ ಅನ್ನೂ ಆಸೇಕ್ಕ ಜೀವ ಹಿಡಕೊಂಡಾರ."

ಅದೇ ವಾರ, ವೈನಿ ಸಂತೆಗೆ ಹೋದಾಗ, ಮಾಸ್ತರರು ನನ್ನ ಕೈ ಹಿಡಿದುಕೊಂಡರು. "ನಾ ಏಳೂದಿಲ್ಲಂತ ನನಗ ಗೊತ್ತೈತಿ, ತಮ್ಮಾ. ಆಕಿಗೆ ಹೇಳಬ್ಯಾಡ. ಸೈಕಲ್ ಒರಸೂಮುಂದ ಒಂದೀಟು ನಗತಾಳ…"

ಆಮೇಲೂ ಅವರಿಬ್ಬರು ಬರುವ ಬೇಸಿಗೆಯಲ್ಲಿ ಎಲ್ಲಿಗೆ ಹೋಗುವುದೆಂದು ಮಾತಾಡುತ್ತಲೇ ಇದ್ದರು. ನಾನು ನಡುವೆ ಕೂತು ಹೂಂಗುಟ್ಟುತ್ತಿದ್ದೆ.

ಮಳೆಗಾಲ ಮುಗಿಯುವ ಮೊದಲೇ ಮಾಸ್ತರರು ಹೋದರು. ವೈನಿ ಸೈಕಲ್ಲು ಸಮೇತ ಖಾನಾಪುರದ ತವರಿಗೆ ತೆರಳಿದರು.

ಮರುವರ್ಷ ಅವರನ್ನು ನೋಡಲು ಹೋದೆ. ಕಟ್ಟೆಯ ಮೇಲೆ ಕೂತು ಅದೇ ಶಾಕಪ್ ಒರೆಸುತ್ತಿದ್ದರು. ಸಮಾಧಾನವಾದೀತು ಎಂದುಕೊಂಡು, ಮಾಸ್ತರರಿಗೂ ಎಲ್ಲ ತಿಳಿದಿತ್ತೆಂದು ಹೇಳಿದೆ. ವೈನಿಯ ಕೈ ನಿಂತಿತು.

"ಅವರಿಗೂ ಗೊತ್ತಿತ್ತಾ? ಹಂಗಾರ… ಇಬ್ಬರೂ ಕೂಡಿ ಒಮ್ಮೆರೆ ಅಳಬಹುದಿತ್ತಲ್ಲೋ ತಮ್ಮಾ."

ಆಮೇಲೆ ವೈನಿ ಒಳಗೆ ಹೋಗಿ ಚಹಾ ತಂದುಕೊಟ್ಟರು. ಮತ್ತೆ ಆ ಮಾತು ತೆಗೆಯಲಿಲ್ಲ.

ವೈನಿ ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ಮಣ್ಣಿಗೂ ಹೋಗಲಾಗಲಿಲ್ಲ.

ಈಗ ನನ್ನ ಹೆಂಡತಿಗೆ ಮೈ ಸರಿಯಿಲ್ಲ. ಕಳೆದ ವಾರ ಡಾಕ್ಟರು ಆಕೆಯನ್ನು ಹೊರಗೆ ಕೂಡಿಸಿ, ನನ್ನೊಬ್ಬನನ್ನೇ ಒಳಗೆ ಕರೆದರು. ನಾನು ಆಕೆಯನ್ನೂ ಎಬ್ಬಿಸಿಕೊಂಡು ಹೋದೆ. ಕೇಳಬೇಕಾದದ್ದನ್ನು ಇಬ್ಬರೂ ಜೊತೆಗೇ ಕೇಳಿದೆವು.